ಇಂಗ್ಲಿಷ್ ಪ್ರಾಸವೂ ಕನ್ನಡದ ಕಿವಿಯೂ

ಪ್ರಾಸವೆಂದರೇನೆಂಬುದನ್ನು ಕನ್ನಡಿಗರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಓದುಬರಹ ತಿಳಿಯದ ನಮ್ಮ ಹಿರಿಯರ ಬಾಯಲ್ಲಿಯೂ ಕೆಸರಿಗೆ ಮೊಸರು ತಾನಾಗಿಯೇ ಬಂದು ಕೂಡಿಕೊಳ್ಳುತ್ತದೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆ ಇಷ್ಟು ಕಾಲ ಬಾಳಿರುವುದಕ್ಕೆ ಅದರ ಅರ್ಥವೆಷ್ಟು ಕಾರಣವೋ ಅದರ ಪ್ರಾಸವೂ ಅಷ್ಟೇ ಕಾರಣ. ಇಷ್ಟಾದರೂ ಒಂದು ಇಂಗ್ಲಿಷ್ ಪದವನ್ನು ಕೊಟ್ಟು, ಇದಕ್ಕೆ ಪ್ರಾಸವಾಗುವ ಪದಗಳನ್ನು ಹೇಳಿ ಎಂದರೆ ನಮ್ಮಲ್ಲಿ ಬಹುಮಂದಿ ತಡವರಿಸುತ್ತೇವೆ. ಪ್ರಾಸದ ನಡುವೆಯೇ ಹುಟ್ಟಿ ಬೆಳೆದವರಿಗೆ ಈ ತಡವರಿಕೆ ಏಕೆ? ಇಂಗ್ಲಿಷಿನಲ್ಲಿ ಪೂರ್ಣಪ್ರಾಸವೆಂದರೇನು, ಅದಕ್ಕೆ ಸಮೀಪವಾದ ಪ್ರಾಸವೆಂದರೇನು, ಅವುಗಳನ್ನು ಹುಡುಕುವ ಬಗೆ ಹೇಗೆ? ಈ ಪ್ರಶ್ನೆಗಳನ್ನು ಒಂದೇ ಒಂದು ಪದವನ್ನು ಮುಂದಿಟ್ಟುಕೊಂಡು ವಿಚಾರ ಮಾಡಬೇಕೆಂದು ಬಯಸಿದ್ದೇನೆ. ಆ ಪದ ‘ವರ್ಡ್’, ಎಂದರೆ ‘ಪದ’ ಎಂಬುದೇ.

ಮೊದಲು ನಿಯಮವನ್ನು ತಿಳಿಯೋಣ. ಇಂಗ್ಲಿಷ್ ಪದದಲ್ಲಿ ಯಾವುದಾದರೂ ಒಂದು ಭಾಗ ಉಳಿದವುಗಳಿಗಿಂತ ಗಟ್ಟಿಯಾಗಿ ಉಚ್ಚರಿಸಲ್ಪಡುತ್ತದೆ. ಇದನ್ನು ಬಲಾಘಾತವೆನ್ನಬಹುದು. ಎರಡು ಪದಗಳು ಪೂರ್ಣಪ್ರಾಸವಾಗಬೇಕಾದರೆ ಬಲಾಘಾತವಿರುವ ಸ್ವರ ಎರಡರಲ್ಲಿಯೂ ಒಂದೇ ಆಗಿರಬೇಕು; ಆ ಸ್ವರದಿಂದ ಪದದ ಕೊನೆಯವರೆಗೆ ಬರುವ ಧ್ವನಿಗಳೆಲ್ಲ ಒಂದೇ ಆಗಿರಬೇಕು; ಆ ಸ್ವರದ ಹಿಂದಿನ ವ್ಯಂಜನ ಮಾತ್ರ ಬೇರೆಯಾಗಿರಬೇಕು. ಹಿಂದಿನ ವ್ಯಂಜನವೂ ಒಂದೇ ಆದರೆ ಅದು ಪ್ರಾಸವಲ್ಲ, ಪುನರುಕ್ತಿ. ಬಲಾಘಾತವು ಕೊನೆಯ ಭಾಗದಲ್ಲಿದ್ದರೆ ‘ಲೈಟ್–ನೈಟ್’ ಎಂಬಂತೆ ಒಂದೇ ಭಾಗದ ಪ್ರಾಸ. ಅದರ ಹಿಂದಿನದರಲ್ಲಿದ್ದರೆ ‘ಮದರ್–ಬ್ರದರ್’ ಎಂಬಂತೆ ಎರಡು ಭಾಗದ ಪ್ರಾಸ. ಇನ್ನೂ ಹಿಂದಕ್ಕೆ ಹೋದರೆ ‘ಹಿಸ್ಟರಿ–ಮಿಸ್ಟರಿ’ ಎಂಬಂತೆ ಮೂರು ಭಾಗದ ಪ್ರಾಸ. ‘ಮದರ್’ ಎಂಬುದಕ್ಕೆ ‘ಫಾದರ್’ ಪ್ರಾಸವೆಂದು ತೋರಬಹುದು. ಆದರೆ ಬಲಾಘಾತದ ಸ್ವರ ಒಂದರಲ್ಲಿ ಅಕಾರ, ಇನ್ನೊಂದರಲ್ಲಿ ಆಕಾರ. ಆದುದರಿಂದ ತಾಯಿಗೆ ಸಹೋದರ ಪ್ರಾಸವಾಗುತ್ತಾನೆಯೇ ಹೊರತು ತಂದೆ ಆಗುವುದಿಲ್ಲ.

ಈ ನಿಯಮವನ್ನು ಹಿಡಿದು ಹೊರಟರೆ ಹುಡುಕುವ ಬಗೆ ಸುಲಭ. ‘ವರ್ಡ್’ ಪದದಿಂದ ಆದಿಯ ವಕಾರವನ್ನು ಕಳೆದರೆ ‘ಅರ್ಡ್’ ಎಂಬ ಬಾಲ ಉಳಿಯುತ್ತದೆ. ಈ ಬಾಲಕ್ಕೆ ವ್ಯಂಜನಗಳನ್ನು ಒಂದೊಂದಾಗಿ ಜೋಡಿಸುತ್ತ ಹೋಗಬೇಕು. ಇಂಗ್ಲಿಷಿನವರು ಇದಕ್ಕೆ ತಮ್ಮ ಇಪ್ಪತ್ತಾರು ಅಕ್ಷರಗಳ ಸಾಲನ್ನು ಬಳಸುತ್ತಾರೆ. ನಮಗೆ ಅದಕ್ಕಿಂತ ಒಳ್ಳೆಯ ಸಾಧನವಿದೆ: ಅದೇ ನಮ್ಮ ವರ್ಣಮಾಲೆ. ನಾಲಗೆ ತಗಲುವ ಸ್ಥಾನವನ್ನು ಅನುಸರಿಸಿ ಹಿರಿಯರು ಜೋಡಿಸಿಟ್ಟ ಈ ಸಾಲಿನಲ್ಲಿ ಹೋದರೆ ಧ್ವನಿ ತಪ್ಪಿಹೋಗುವ ಭಯ ಕಡಿಮೆ. ಕಕಾರ ಸೇರಿಸಿದರೆ ‘ಕರ್ಡ್’ (ಮೊಸರು), ಗಕಾರದಿಂದ ‘ಗರ್ಡ್’ (ನಡುವಿಗೆ ಬಿಗಿ), ಥಕಾರದಿಂದ ‘ಥರ್ಡ್’ (ಮೂರನೆಯ), ಪಕಾರದಿಂದ ‘ಪರ್ಡ್’ (ಬೆಕ್ಕು ಗುರುಗುಟ್ಟಿತು), ಬಕಾರದಿಂದ ‘ಬರ್ಡ್’ (ಹಕ್ಕಿ), ಹಕಾರದಿಂದ ‘ಹರ್ಡ್’. ಈ ಕೊನೆಯದು ಎರಡು ಪದ: ಒಂದಕ್ಕೆ ‘ಕೇಳಿತು’ ಎಂದೂ ಇನ್ನೊಂದಕ್ಕೆ ‘ದನಗಳ ಹಿಂಡು’ ಎಂದೂ ಅರ್ಥ. ಕೆಲವು ವ್ಯಂಜನಗಳು ಬರಿಗೈಯಲ್ಲಿ ಹಿಂದಿರುಗುತ್ತವೆ. ಅನಂತರ ಸಂಯುಕ್ತ ವ್ಯಂಜನಗಳನ್ನು ಹಚ್ಚಿದರೆ ‘ಸ್ಟರ್ಡ್’ (ಕಲಕಿದ), ‘ಬ್ಲರ್ಡ್’ (ಮಸುಕಾದ) ಮೊದಲಾದವು ದೊರೆಯುತ್ತವೆ. ಕೊನೆಯಲ್ಲಿ ಬಲಾಘಾತವುಳ್ಳ ದೊಡ್ಡ ಪದಗಳನ್ನು ನೆನೆದರೆ ‘ಅಬ್ಸರ್ಡ್’ (ಅಸಂಬದ್ಧ), ‘ಪ್ರಿಫರ್ಡ್’ (ಮೇಲೆಂದು ಆರಿಸಿದ), ‘ಅಕರ್ಡ್’ (ಸಂಭವಿಸಿತು), ‘ಓವರ್‌ಹರ್ಡ್’ (ಮರೆಯಿಂದ ಕೇಳಿತು) ಎಂಬಿವೂ ಬರುತ್ತವೆ. ಹೀಗೆ ಒಂದು ಗಳಿಗೆಯಲ್ಲಿ ಹತ್ತು ಹನ್ನೆರಡು ಪೂರ್ಣಪ್ರಾಸಗಳು ಕೈಗೆ ಸಿಗುತ್ತವೆ.

ಈಗ ಈ ಪದಗಳ ಬರವಣಿಗೆಯನ್ನು ಗಮನಿಸಿ. ಒಂದೇ ‘ಅರ್’ ಧ್ವನಿಯನ್ನು ‘ವರ್ಡ್’ನಲ್ಲಿ ಓ-ಆರ್ ಎಂದೂ, ‘ಬರ್ಡ್’ನಲ್ಲಿ ಐ-ಆರ್ ಎಂದೂ, ‘ಕರ್ಡ್’ನಲ್ಲಿ ಯು-ಆರ್ ಎಂದೂ, ಹಿಂಡೆಂಬ ‘ಹರ್ಡ್’ನಲ್ಲಿ ಇ-ಆರ್ ಎಂದೂ, ಕೇಳಿತೆಂಬ ‘ಹರ್ಡ್’ನಲ್ಲಿ ಇ-ಎ-ಆರ್ ಎಂದೂ ಬರೆಯುತ್ತಾರೆ. ಧ್ವನಿ ಒಂದು, ವೇಷ ಐದು! ಇದಕ್ಕೆ ವಿರುದ್ಧವಾಗಿ ‘ವರ್ಡ್’ ಪದದ ನಾಲ್ಕೂ ಅಕ್ಷರಗಳನ್ನು ಹಾಗೆಯೇ ಉಳಿಸಿ ಮುಂದೆ ಎಸ್ ಎಂಬ ಒಂದಕ್ಷರವನ್ನು ಸೇರಿಸಿದರೆ ಕತ್ತಿ ಎಂಬರ್ಥದ ಪದವಾಗುತ್ತದೆ. ಆದರೆ ಅದರ ಉಚ್ಚಾರಣೆ ‘ಸೋರ್ಡ್’. ಅಕ್ಷರದಲ್ಲಿ ‘ವರ್ಡ್’ ಪೂರ್ತಿಯಾಗಿ ಅದರೊಳಗೇ ಕುಳಿತಿದ್ದರೂ ಪ್ರಾಸ ಮಾತ್ರ ಇಲ್ಲ. ‘ಲಾರ್ಡ್’, ‘ಫೋರ್ಡ್’ ಎಂಬವುಗಳ ಕಥೆಯೂ ಇದೇ. ಕೇಳಿತೆಂಬ ‘ಹರ್ಡ್’ನ ಮೊದಲಕ್ಷರವನ್ನು ಬದಲಿಸಿ ಬಿ ಎಂದು ಬರೆದರೆ ಗಡ್ಡವೆಂಬರ್ಥದ ‘ಬಿಯರ್ಡ್’ ಆಗುತ್ತದೆ; ಅಲ್ಲಿಯೂ ಪ್ರಾಸ ಮುರಿಯುತ್ತದೆ. ಇಂತಹ ಜೋಡಿಗಳನ್ನು ವಿಮರ್ಶಕರು ಕಣ್ಣಿನ ಪ್ರಾಸವೆಂದು ಕರೆಯುತ್ತಾರೆ. ಕಣ್ಣು ಒಪ್ಪಿದರೂ ಕಿವಿ ಒಪ್ಪದು.

ಈ ಗೊಂದಲಕ್ಕೆ ಚರಿತ್ರೆಯೇ ಕಾರಣ. ಹಿಂದೆ ‘ಬರ್ಡ್’, ‘ಕರ್ಡ್’, ‘ಹರ್ಡ್’ಗಳ ಸ್ವರಗಳು ಬೇರೆ ಬೇರೆಯಾಗಿಯೇ ಇದ್ದುವು. ಕಾಲಕ್ರಮದಲ್ಲಿ ಅವು ಒಂದರೊಳಗೊಂದು ಬೆರೆತುಹೋದುವು. ಸ್ಕಾಟ್ಲೆಂಡಿನ ಕೆಲವರ ನುಡಿಯಲ್ಲಿ ಇಂದಿಗೂ ಆ ಭೇದ ಉಳಿದಿದೆಯಂತೆ. ಕ್ಯಾಕ್ಸ್‌ಟನ್ ಎಂಬಾತನು ೧೪೭೬ರಲ್ಲಿ ಇಂಗ್ಲೆಂಡಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದನು. ಅಂದಿನಿಂದ ಬರವಣಿಗೆ ಕ್ರಮೇಣ ನೆಲೆಗೊಳ್ಳುತ್ತ ಬಂದಿತು. ನಾಲಗೆ ಮಾತ್ರ ತನ್ನ ಪಾಡಿಗೆ ತಾನು ನಡೆಯಿತು. ಹೀಗೆ ಅಚ್ಚಿನ ಮೊಳೆಯಲ್ಲಿ ಹಳೆಯ ಉಚ್ಚಾರಣೆ ನಿಂತಿತು, ಜನರ ಬಾಯಲ್ಲಿ ಹೊಸದು ಹರಿಯಿತು. ಈ ಗೊಂದಲದಲ್ಲಿಯೂ ಉಪಯುಕ್ತವಾದ ಒಂದು ಸೂತ್ರವಿದೆ. ಡಬ್ಲ್ಯೂ ಆದಮೇಲೆ ಓ-ಆರ್ ಬಂದು ಮುಂದೆ ಇನ್ನೊಂದು ವ್ಯಂಜನವಿದ್ದರೆ ಬಹುಮಟ್ಟಿಗೆ ‘ಅರ್’ ಎಂದೇ ಉಚ್ಚಾರಣೆ: ‘ವರ್ಕ್’, ‘ವರ್ಮ್’, ‘ವರ್ತ್’, ‘ವರ್ಸ್’, ‘ವರ್ಲ್ಡ್’. ಉಟ್ಟು ಹಳತಾದುದೆಂಬ ‘ವೋರ್ನ್’ ಪದದಂತಹ ಅಪವಾದಗಳು ಇಲ್ಲದಿಲ್ಲ.

ಹಾಗಾದರೆ ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಕಷ್ಟವೆಲ್ಲ ಪರಿಹಾರವಾಯಿತೆನ್ನೋಣವೇ? ಅಷ್ಟು ಸುಲಭವಲ್ಲ. ‘ಬ್ಯಾಕ್‌ವರ್ಡ್’, ‘ಫಾರ್ವರ್ಡ್’, ‘ಆಕ್‌ವರ್ಡ್’ ಎಂಬ ಪದಗಳನ್ನು ಕನ್ನಡದಲ್ಲಿ ಬರೆದಾಗ ಮೂರರ ಕೊನೆಯಲ್ಲಿಯೂ ‘ವರ್ಡ್’ ಎಂಬುದೇ ಅಚ್ಚೊತ್ತಿದಂತೆ ಕಾಣುತ್ತದೆ. ಆದರೂ ಇವು ‘ವರ್ಡ್’ ಪದಕ್ಕೆ ಪೂರ್ಣಪ್ರಾಸಗಳಲ್ಲ. ಇವುಗಳ ಬಲಾಘಾತವೆಲ್ಲ ಮೊದಲ ಭಾಗದ ಮೇಲೆ ಬಿದ್ದು, ಕೊನೆಯ ಸ್ವರ ಬಡವಾಗಿ, ಅರ್ಧ ನುಂಗಿದಂತೆ ಕೇಳಿಸುತ್ತದೆ. ಇಂಗ್ಲಿಷಿನ ಲಿಪಿ ನಮ್ಮನ್ನು ಸ್ವರದಲ್ಲಿ ದಾರಿ ತಪ್ಪಿಸಿದರೆ ಕನ್ನಡದ ಲಿಪಿ ಬಲಾಘಾತದಲ್ಲಿ ದಾರಿ ತಪ್ಪಿಸುತ್ತದೆ. ಆದುದರಿಂದ ಲಿಪಿ ಯಾವುದಾದರೂ ಆಗಲಿ, ಕೊನೆಯ ತೀರ್ಪು ಕಿವಿಯದೇ.

ಇಲ್ಲಿಯೇ ನಮ್ಮ ತಡವರಿಕೆಯ ನಿಜವಾದ ಮೂಲ ದೊರೆಯುತ್ತದೆ. ನಮ್ಮ ಕಿವಿಗೆ ಪ್ರಾಸಜ್ಞಾನವಿಲ್ಲವೆಂದಲ್ಲ. ಅದು ಬೇರೊಂದು ಶಾಲೆಯಲ್ಲಿ ಕಲಿತು ಬಂದಿದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದ ಕಾಲಕ್ಕೇ ಕನ್ನಡದಲ್ಲಿ ಪ್ರಾಸಚರ್ಚೆ ನಡೆದಿತ್ತು. ನಾಗವರ್ಮನು ಹತ್ತನೆಯ ಶತಮಾನದ ಕೊನೆಯ ವೇಳೆಗೆ ‘ಛಂದೋಂಬುಧಿ’ಯಲ್ಲಿ ಅದನ್ನು ವಿವರಿಸಿದನು. ಹಳಗನ್ನಡ ಪದ್ಯದಲ್ಲಿ ಪ್ರಾಸವಿರುವುದು ಸಾಲಿನ ಕೊನೆಯಲ್ಲಲ್ಲ, ಆದಿಯಲ್ಲಿ. ಅದೂ ಎರಡನೆಯ ಅಕ್ಷರದಲ್ಲಿ. ಆ ಸ್ಥಾನದ ವ್ಯಂಜನ ಎಲ್ಲ ಸಾಲುಗಳಲ್ಲಿಯೂ ಒಂದೇ ಇರಬೇಕು. ಅದರ ಮೇಲಿನ ಸ್ವರ ಯಾವುದಾದರೂ ಆಗಬಹುದು. ಅದರ ಹಿಂದಿನ ಅಕ್ಷರ ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ, ಬಿಂದುವುಳ್ಳದ್ದಾದರೆ ವೃಷಭಪ್ರಾಸ ಎಂದು ಮುಂತಾಗಿ ಆರು ಹೆಸರುಗಳಿವೆ. ‘ಕರ, ಗಿರಿ, ಗುರು’ ಎಂಬ ಮೂರು ಪದಗಳಿಂದ ಸಾಲುಗಳು ಆರಂಭವಾದರೆ ನಮ್ಮ ಲಾಕ್ಷಣಿಕರು ತಲೆದೂಗುತ್ತಾರೆ. ರಕಾರ ಮೂರರಲ್ಲಿಯೂ ಇದೆ. ಇಂಗ್ಲಿಷಿನ ಕಿವಿಗೆ ಇವು ಪ್ರಾಸವೇ ಅಲ್ಲ. ಸ್ವರಗಳು ಮೂರೂ ಬೇರೆ.

ಪಂಡಿತರ ಛಂದಸ್ಸನ್ನು ಬದಿಗಿಟ್ಟು ಬೀದಿಯ ಮಾತಿಗೆ ಬಂದರೂ ಹೀಗೆಯೇ. ನಾವು ‘ಕಾಫಿ-ಗೀಫಿ’, ‘ಹಣ-ಗಿಣ’, ‘ಪುಸ್ತಕ-ಗಿಸ್ತಕ’ ಎನ್ನುತ್ತೇವೆ. ಪದದ ಮೊದಲಿನ ವ್ಯಂಜನವನ್ನೂ ಸ್ವರವನ್ನೂ ತೆಗೆದು ‘ಗಿ’ ಅಥವಾ ‘ಗೀ’ ಹಾಕುತ್ತೇವೆ. ಅದರ ಮುಂದಿನದನ್ನೆಲ್ಲ ಹಾಗೆಯೇ ಉಳಿಸುತ್ತೇವೆ. ಕೆಸರು-ಮೊಸರುಗಳಲ್ಲಿಯೂ ಮೊದಲ ಸ್ವರ ಒಂದರಲ್ಲಿ ಎಕಾರ, ಮತ್ತೊಂದರಲ್ಲಿ ಒಕಾರ. ಕೂಡುವುದು ಎರಡನೆಯ ಅಕ್ಷರದಿಂದ ಮುಂದಕ್ಕೆ. ಎಂದರೆ, ಕನ್ನಡದ ಕಿವಿ ವ್ಯಂಜನವನ್ನು ಹಿಡಿದು ಮೊದಲ ಸ್ವರವನ್ನು ಬಿಟ್ಟುಕೊಡುತ್ತದೆ. ಇಂಗ್ಲಿಷಿನ ಕಿವಿ ಬಲಾಘಾತದ ಸ್ವರವನ್ನು ಹಿಡಿದು ಅದರ ಹಿಂದಿನ ವ್ಯಂಜನವನ್ನು ಬಿಟ್ಟುಕೊಡುತ್ತದೆ. ನಮಗೆ ಪೂರ್ಣವಾದ ಪ್ರಾಸ ಅವರಿಗೆ ಕೇವಲ ಸಮೀಪದ್ದು. ಈ ಒಂದು ಭೇದವನ್ನು ಮನಗಂಡರೆ ‘ವರ್ಡ್’ ಎಂಬುದಕ್ಕೆ ‘ಲಾರ್ಡ್’ ಪ್ರಾಸವೆಂದು ಕನ್ನಡ ವಿದ್ಯಾರ್ಥಿಗೆ ಏಕೆ ತೋರುತ್ತದೆಂಬುದು ಸ್ಪಷ್ಟವಾಗುತ್ತದೆ. ಅದು ದಡ್ಡತನವಲ್ಲ, ಸಾವಿರ ವರ್ಷದ ಸಂಸ್ಕಾರ.

ಆ ಸಂಸ್ಕಾರ ಸಮೀಪಪ್ರಾಸಗಳನ್ನು ಹುಡುಕುವಾಗ ನಮ್ಮ ನೆರವಿಗೇ ಬರುತ್ತದೆ. ನಮ್ಮ ಲಾಕ್ಷಣಿಕರು ಒಂದೇ ವರ್ಗದ ಬೇರೆ ಬೇರೆ ವ್ಯಂಜನಗಳು ಬಂದಾಗ ಅದನ್ನು ವರ್ಗಪ್ರಾಸವೆಂದೂ, ಧ್ವನಿಯಲ್ಲಿ ಹತ್ತಿರವಾದ ವ್ಯಂಜನಗಳು ಬಂದಾಗ ಸಮೀಪಪ್ರಾಸವೆಂದೂ ಹೆಸರಿಸಿದ್ದಾರೆ. ಈ ದೃಷ್ಟಿಯಿಂದ ‘ವರ್ಡ್’ ಪದದ ನೆರೆಹೊರೆಯನ್ನು ನಾಲ್ಕಾಗಿ ವಿಂಗಡಿಸಬಹುದು. ಒಂದನೆಯದು, ಡಕಾರದ ಬದಲು ಅದೇ ವರ್ಗದ ಟಕಾರ ಬರುವಂತಹದು: ‘ಹರ್ಟ್’ (ನೋವು), ‘ಶರ್ಟ್’, ‘ಡರ್ಟ್’ (ಕೊಳೆ). ಇದು ಬಹಳ ಹತ್ತಿರದ ನೆಂಟ. ಎರಡನೆಯದು, ಒಂದು ವ್ಯಂಜನ ಹೆಚ್ಚಾಗಿ ಬರುವಂತಹದು: ‘ವರ್ಲ್ಡ್’ (ಜಗತ್ತು), ‘ಬರ್ಡ್ಸ್’ (ಹಕ್ಕಿಗಳು). ಮೂರನೆಯದು, ಸ್ವರ ಮಾತ್ರ ಒಂದಾಗಿ ಕೊನೆಯ ವ್ಯಂಜನ ಬೇರೆಯಾದದ್ದು: ‘ವರ್ಕ್’ (ಕೆಲಸ), ‘ಬರ್ನ್’ (ಉರಿ), ‘ಅರ್ತ್’ (ಭೂಮಿ). ಇದನ್ನು ಸ್ವರಸಾಮ್ಯವೆನ್ನಬಹುದು. ನಾಲ್ಕನೆಯದು, ವ್ಯಂಜನಗಳು ಉಳಿದು ಸ್ವರ ಬದಲಾದದ್ದು: ‘ವಾರ್ಡ್’, ‘ವಿಯರ್ಡ್’ (ವಿಚಿತ್ರ). ದಕ್ಷಿಣ ಇಂಗ್ಲೆಂಡಿನವರು ‘ವರ್ಡ್’ನಲ್ಲಿ ರಕಾರವನ್ನು ನುಡಿಯದೆ ಸ್ವರವನ್ನೇ ಎಳೆಯುವುದರಿಂದ ಅವರಿಗೆ ‘ವುಡ್’ (ಮರ), ‘ವೈಡ್’ (ಅಗಲ) ಸಹ ಈ ಗುಂಪಿಗೇ ಸೇರುತ್ತವೆ. ಈ ನಾಲ್ಕನೆಯ ಬಗೆ ನಮ್ಮ ಕರ-ಗಿರಿ-ಗುರುಗಳಿಗೆ ಸೋದರನಂತಿದೆಯೆಂಬುದು ಸ್ವಾರಸ್ಯದ ಸಂಗತಿ.

ಸಮೀಪಪ್ರಾಸವೆಂದರೆ ಕೈಲಾಗದವನ ಪ್ರಾಸವೆಂದು ತಿಳಿಯಬಾರದು. ಅಮೆರಿಕದ ಕವಯಿತ್ರಿ ಎಮಿಲಿ ಡಿಕಿನ್ಸನ್ (೧೮೩೦-೧೮೮೬) ಅದನ್ನು ಬೇಕೆಂದೇ ಬಳಸಿದಳು. ಆಕೆ ತೀರಿಕೊಂಡ ಮೇಲೆ ೧೮೯೦ರಲ್ಲಿ ಮೊದಲ ಸಂಕಲನ ಹೊರಬಂದಾಗ ಸಂಪಾದಕರು ಕೆಲವೆಡೆ ಆ ಪ್ರಾಸಗಳನ್ನು ‘ತಿದ್ದಿ’ ನಯಗೊಳಿಸಿದರು. ೧೯೫೫ರಲ್ಲಿ ಥಾಮಸ್ ಜಾನ್ಸನ್ ಅವರು ಹಸ್ತಪ್ರತಿಗಳನ್ನು ಅನುಸರಿಸಿ ಸಂಪಾದಿಸಿದ ಆವೃತ್ತಿ ಬಂದ ಮೇಲೆ ಓದುಗರಿಗೆ ಆಕೆಯ ನಿಜವಾದ ಧ್ವನಿ ಕೇಳಿಸಿತು. ಒಂದನೆಯ ಮಹಾಯುದ್ಧದ ಕವಿ ವಿಲ್‌ಫ್ರೆಡ್ ಓವೆನ್ ತನ್ನ ‘ಸ್ಟ್ರೇಂಜ್ ಮೀಟಿಂಗ್’ ಎಂಬ ಕವಿತೆಯಲ್ಲಿ ಮೇಲೆ ಹೇಳಿದ ನಾಲ್ಕನೆಯ ಬಗೆಯನ್ನೇ ಉದ್ದಕ್ಕೂ ಹಿಡಿದಿದ್ದಾನೆ. ಸತ್ತ ಇಬ್ಬರು ಸೈನಿಕರು ಪಾತಾಳದಲ್ಲಿ ಸಂಧಿಸುವ ಆ ಕವಿತೆಗೆ ನಯವಾದ ಪೂರ್ಣಪ್ರಾಸ ಸಲ್ಲುತ್ತಿರಲಿಲ್ಲ. ಪದಗಳು ಒಂದನ್ನೊಂದು ಮುಟ್ಟಲು ಬಂದು ಮುಟ್ಟದೆ ಉಳಿಯುವ ಅತೃಪ್ತಿಯೇ ಅಲ್ಲಿಯ ಭಾವ. ಓವೆನ್ ೧೯೧೮ರ ನವೆಂಬರ್ ೪ರಂದು, ಕದನ ನಿಲ್ಲುವುದಕ್ಕೆ ಒಂದು ವಾರ ಮೊದಲು, ರಣರಂಗದಲ್ಲಿ ಮಡಿದನು.

‘ವರ್ಡ್’ ಎಂಬುದು ಈ ವಿಷಯದಲ್ಲಿ ಭಾಗ್ಯವಂತ ಪದ. ಎಲ್ಲಕ್ಕೂ ಆ ಭಾಗ್ಯವಿಲ್ಲ. ತಿಂಗಳೆಂಬ ‘ಮಂತ್’ ಪದಕ್ಕೆ ಬಳಕೆಯ ಇಂಗ್ಲಿಷಿನಲ್ಲಿ ಪೂರ್ಣಪ್ರಾಸವೇ ದುರ್ಲಭ. ಕವಿಗಳು ಹೆಜ್ಜೆಹೆಜ್ಜೆಗೂ ಬಳಸುವ ‘ಲವ್’ (ಪ್ರೇಮ) ಪದಕ್ಕೆ ಇರುವ ಪ್ರಾಸಗಳು ಒಂದು ಕೈಯ ಬೆರಳಿಗೆ ಸಾಕು: ‘ಅಬವ್’ (ಮೇಲೆ), ‘ಡವ್’ (ಪಾರಿವಾಳ), ‘ಗ್ಲವ್’ (ಕೈಚೀಲ), ‘ಶವ್’ (ನೂಕು). ಇಂಗ್ಲಿಷ್ ಪ್ರೇಮಗೀತೆಗಳಲ್ಲಿ ಪಾರಿವಾಳಗಳು ಅಷ್ಟೊಂದು ಹಾರಾಡುವುದಕ್ಕೆ ಇದೂ ಒಂದು ಕಾರಣವಿರಬೇಕು!

ಷೇಕ್ಸ್‌ಪಿಯರನು ೧೬೦೯ರಲ್ಲಿ ಅಚ್ಚಾದ ತನ್ನ ಸಾನೆಟ್ಟುಗಳ ಪೈಕಿ ೧೧೬ನೆಯದರ ಕೊನೆಯ ಎರಡು ಸಾಲುಗಳಲ್ಲಿ ‘ಪ್ರೂವ್ಡ್’ ಎಂಬುದಕ್ಕೆ ‘ಲವ್ಡ್’ ಎಂಬುದನ್ನು ಜೋಡಿಸಿದ್ದಾನೆ. ಇಂದಿನ ಕಿವಿಗೆ ಇದು ಕಣ್ಣಿನ ಪ್ರಾಸ. ಆದರೆ ಅವನ ಕಾಲದ ಉಚ್ಚಾರಣೆಯಲ್ಲಿ ಇವು ಕೂಡುತ್ತಿದ್ದುವೆಂದು ವಿದ್ವಾಂಸರ ಅಭಿಪ್ರಾಯ. ೨೦೦೪ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ಭಾಷಾಶಾಸ್ತ್ರಜ್ಞ ಡೇವಿಡ್ ಕ್ರಿಸ್ಟಲ್ ಅವರ ಮಾರ್ಗದರ್ಶನದಲ್ಲಿ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕವನ್ನು ಆ ಹಳೆಯ ಉಚ್ಚಾರಣೆಯಲ್ಲಿಯೇ ಆಡಿದರು. ಆ ಉಚ್ಚಾರಣೆಯನ್ನು ಊಹಿಸುವುದಕ್ಕೆ ಇಂತಹ ಪ್ರಾಸಗಳೂ ಒಂದು ಸಾಕ್ಷ್ಯ. ನಮ್ಮಲ್ಲಿಯೂ ಹೀಗೆಯೇ ಅಲ್ಲವೇ? ಹಳಗನ್ನಡ ಕವಿಗಳು ಪ್ರಾಸಸ್ಥಾನದಲ್ಲಿ ರಕಾರಕ್ಕೆ ಱಕಾರವನ್ನೂ ಳಕಾರಕ್ಕೆ ೞಕಾರವನ್ನೂ ಬೆರೆಸದಂತೆ ಎಚ್ಚರ ವಹಿಸಿದ್ದರಿಂದಲೇ ಆ ಧ್ವನಿಗಳು ಒಮ್ಮೆ ಬೇರೆಯಾಗಿದ್ದುವೆಂದು ನಾವು ನಿಶ್ಚಯದಿಂದ ಹೇಳಬಹುದಾಗಿದೆ. ಪ್ರಾಸವು ಸತ್ತುಹೋದ ಧ್ವನಿಗಳನ್ನು ಕಾಪಿಟ್ಟುಕೊಂಡಿರುವ ಕಣಜ.

ಪ್ರಾಸಗಳನ್ನು ಹುಡುಕಲು ಕೋಶಗಳೂ ಉಂಟು. ಜಾನ್ ವಾಕರ್ ಎಂಬಾತನು ೧೭೭೫ರಲ್ಲಿ ಪ್ರಕಟಿಸಿದ ಕೋಶದಲ್ಲಿ ಪದಗಳನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಎಣಿಸಿ ಅನುಕ್ರಮಗೊಳಿಸಿದ್ದಾನೆ. ಹೀಗೆ ಬರವಣಿಗೆಯನ್ನು ಅನುಸರಿಸಿದರೆ ಕತ್ತಿಯೆಂಬ ‘ಸೋರ್ಡ್’ ನಮ್ಮ ‘ವರ್ಡ್’ ಪಕ್ಕಕ್ಕೇ ಬಂದು ನಿಲ್ಲುತ್ತದೆ, ಹಕ್ಕಿಯೆಂಬ ‘ಬರ್ಡ್’ ದೂರಹೋಗುತ್ತದೆ. ಮುಂದಿನವರು ಧ್ವನಿಯನ್ನೇ ಆಧಾರವಾಗಿಟ್ಟುಕೊಂಡು ಕೋಶಗಳನ್ನು ರಚಿಸಿದರು. ಈಗಂತೂ ಗಣಕಯಂತ್ರವೇ ಈ ಕೆಲಸವನ್ನು ಮಾಡುತ್ತದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಉಚ್ಚಾರಣಕೋಶದಲ್ಲಿ ೧,೩೪,೦೦೦ಕ್ಕಿಂತ ಹೆಚ್ಚು ಪದಗಳ ಧ್ವನಿಗಳನ್ನೂ ಬಲಾಘಾತವನ್ನೂ ಗುರುತುಮಾಡಿಟ್ಟಿದ್ದಾರೆ. ಬಲಾಘಾತದ ಸ್ವರದಿಂದ ಕೊನೆಯವರೆಗೆ ಹೋಲಿಸಿ ನೋಡುವುದು ಯಂತ್ರಕ್ಕೆ ಕ್ಷಣದ ಕೆಲಸ. ಆದರೆ ಆ ಕೋಶದ ಕಿವಿ ಅಮೆರಿಕದ ಕಿವಿ. ನ್ಯಾಯಾಲಯವೆಂಬ ‘ಕೋರ್ಟ್’ ಪದವೂ ‘ಹಿಡಿಯಿತು’ ಎಂಬರ್ಥದ ‘ಕಾಟ್’ ಪದವೂ ದಕ್ಷಿಣ ಇಂಗ್ಲೆಂಡಿನಲ್ಲಿ ಒಂದೇ ಧ್ವನಿ. ಅಮೆರಿಕದಲ್ಲಿ ಬೇರೆ, ನಮ್ಮಲ್ಲಿಯೂ ಬೇರೆ. ಆದುದರಿಂದ ಯಾರ ಕಿವಿಗೆ ಪ್ರಾಸ ಎಂಬ ಪ್ರಶ್ನೆಯನ್ನು ಯಂತ್ರದ ಮುಂದೆಯೂ ಕೇಳಲೇಬೇಕು.

ಪಟ್ಟಿ ಕ್ಷಣದಲ್ಲಿ ದೊರೆಯುವಾಗ ನಾವೇಕೆ ಹುಡುಕಬೇಕೆಂದು ಕೇಳಬಹುದು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ನನ್ನಂತಹವರು ಈ ಕಾಲೇಜಿನಲ್ಲಿ ಬಹಳ ಮಂದಿ ಇದ್ದೇವೆ. ನಮಗೆ ಇಂಗ್ಲಿಷ್ ಬಂದದ್ದು ತೊಟ್ಟಿಲ ಹಾಡಿನಿಂದಲ್ಲ, ಊಟದ ಎಲೆಯ ಮುಂದಿನ ಮಾತಿನಿಂದಲ್ಲ, ಪಠ್ಯಪುಸ್ತಕದ ಪುಟದಿಂದ. ಕಿವಿಗೆ ಬೀಳುವ ಮೊದಲೇ ಅದು ಕಣ್ಣಿಗೆ ಬಿದ್ದಿತು. ನಮ್ಮ ಕನ್ನಡ ಬರೆದಂತೆ ಓದುವ ನುಡಿಯಾದ್ದರಿಂದ ಅದೇ ನಂಬಿಕೆಯಿಂದ ಇಂಗ್ಲಿಷನ್ನೂ ಓದಹೊರಡುತ್ತೇವೆ. ಒಂದು ಪದದ ಉಚ್ಚಾರಣೆ ಸಂದೇಹವಾದರೆ ಮನೆಯಲ್ಲಿ ಕೇಳಲು ಯಾರೂ ಇಲ್ಲ. ಹೀಗಾಗಿ ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಬಾಯಿ ತೆರೆಯದೆ ಕುಳಿತುಬಿಡುವವರು ಎಷ್ಟೋ ಮಂದಿ. ಆ ಮೌನವನ್ನು ಅಜ್ಞಾನವೆಂದು ಎಣಿಸಲಾಗದು.

ಅಂತಹವರಿಗೆ ಪಠ್ಯದ ಪದ್ಯಗಳಲ್ಲಿಯ ಪ್ರಾಸವು ಬೆಲೆಯಿಲ್ಲದೆ ದೊರೆತ ಉಪಾಧ್ಯಾಯ. ‘ಹರ್ಡ್’ ಎಂಬುದನ್ನು ಹೇಗೆ ನುಡಿಯಬೇಕೆಂದು ತಿಳಿಯದಿದ್ದರೆ, ಅದು ಯಾವ ಸಾಲಿನ ಕೊನೆಯಲ್ಲಿದೆ, ಅದರ ಜೊತೆಯ ಸಾಲಿನ ಕೊನೆಯಲ್ಲಿ ಏನಿದೆ ಎಂದು ನೋಡಬೇಕು. ಅಲ್ಲಿ ‘ಬರ್ಡ್’ ಇದ್ದರೆ ಹಕ್ಕಿಯೇ ಉತ್ತರ ಹೇಳುತ್ತದೆ. ಹಳೆಯ ಕವಿಗಳಲ್ಲಿ ಕಣ್ಣಿನ ಪ್ರಾಸದ ಅಪಾಯವಿರುವುದರಿಂದ ಒಂದು ಜೋಡಿಯನ್ನೇ ನಂಬದೆ ಎರಡು ಮೂರನ್ನು ತಾಳೆ ನೋಡಿ, ಉಚ್ಚಾರಣಕೋಶದಲ್ಲಿ ಖಚಿತಪಡಿಸಿಕೊಳ್ಳುವುದು ಲೇಸು. ನಾನು ಒಂದು ನೋಟುಪುಸ್ತಕದಲ್ಲಿ ಪುಟಕ್ಕೊಂದು ಬಾಲದಂತೆ ಪದಗಳನ್ನು ಬರೆದಿಡುತ್ತ ಬಂದಿದ್ದೇನೆ: ಎಡಗಡೆ ಪೂರ್ಣಪ್ರಾಸ, ಬಲಗಡೆ ಸಮೀಪಪ್ರಾಸ, ಕೆಳಗೆ ಕಣ್ಣನ್ನು ಮೋಸಗೊಳಿಸುವ ಪದಗಳು. ಒಂದು ಪುಟ ತುಂಬಿದರೆ ಹದಿನೈದು ಪದಗಳ ಉಚ್ಚಾರಣೆ ಒಟ್ಟಿಗೆ ನೆಲೆನಿಲ್ಲುತ್ತದೆ. ಯಂತ್ರ ಕೊಟ್ಟ ಪಟ್ಟಿಯನ್ನು ಕೊನೆಯಲ್ಲಿ ನೋಡಿ, ಬಿಟ್ಟುಹೋದದ್ದನ್ನು ಸೇರಿಸಿಕೊಂಡರಾಯಿತು.

ಬಿ. ಎಂ. ಶ್ರೀಕಂಠಯ್ಯನವರು ೧೯೨೬ರ ‘ಇಂಗ್ಲಿಷ್ ಗೀತಗಳು’ ಸಂಗ್ರಹದಲ್ಲಿ ಆ ನುಡಿಯ ಕವಿತೆಯನ್ನು ಕನ್ನಡಕ್ಕೆ ತಂದಾಗ ದ್ವಿತೀಯಾಕ್ಷರ ಪ್ರಾಸದ ಕಟ್ಟನ್ನು ಸಡಿಲಿಸಿ, ಹೊಸ ಲಯಗಳಿಗೂ ಅಂತ್ಯಪ್ರಾಸಕ್ಕೂ ಕನ್ನಡದ ಕಿವಿಯನ್ನು ಹದಗೊಳಿಸಿದರು. ಹರಿಹರನ ರಗಳೆಗಳಲ್ಲಿ ಅಂತ್ಯಪ್ರಾಸ ಮೊದಲೇ ಇದ್ದುದರಿಂದ ನೆಲ ಪೂರ್ತಿ ಹೊಸದಾಗಿರಲಿಲ್ಲ. ಒಂದು ಭಾಷೆಯ ಕಿವಿ ಇನ್ನೊಂದು ಭಾಷೆಯ ಪ್ರಾಸವನ್ನು ಕಲಿಯಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಆ ಹಿರಿಯರು ಕಾವ್ಯಕ್ಕಾಗಿ ಮಾಡಿದ ಕೆಲಸವನ್ನು ನಾವು ನಮ್ಮ ನಾಲಗೆಗಾಗಿ ಮಾಡಿಕೊಳ್ಳಬಹುದು.

ಸಹಪಾಠಿಗಳು ಇಂದೇ ಒಂದು ಪದವನ್ನು ಆರಿಸಿಕೊಂಡು, ಅದರ ಬಾಲವನ್ನು ಹಿಡಿದು, ಕಕಾರದಿಂದ ಹಕಾರದವರೆಗೆ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಲಿ. ‘ಲೈಟ್’ ಎಂಬುದರಿಂದ ತೊಡಗಿದರೆ ಸುಲಭ. ‘ಲವ್’ ಅನ್ನು ಎರಡನೆಯ ದಿನಕ್ಕೆ ಇಟ್ಟುಕೊಳ್ಳಬಹುದು. ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ: ಪದ್ಯಪಾಠದ ಗಂಟೆಯಲ್ಲಿ ಅರ್ಥ ಹೇಳುವ ಮೊದಲು ಪ್ರಾಸದ ಜೋಡಿಗಳನ್ನು ತರಗತಿಯೆಲ್ಲ ಒಂದೇ ದನಿಯಲ್ಲಿ ನುಡಿಯುವಂತೆ ಮಾಡಿಸಿದರೆ, ಒಬ್ಬೊಬ್ಬರಾಗಿ ಮಾತನಾಡಲು ಅಂಜುವವರ ಬಾಯಿಯೂ ಆ ಗುಂಪಿನೊಳಗೆ ಬಿಚ್ಚಿಕೊಳ್ಳುತ್ತದೆ.